ನಮ್ಮ ಜಾಲ ನಮ್ಮ ಕೇರಿಗೆ ಬರೋದು ಯಾವಾಗ?



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ. ಅರ್ಧ ಓದಿ ಕಮೆಂಟ್ ಹಾಕಬ್ಯಾಡ್ರಿ.

ನಮ್ಮ ಗುಂಪುಗಳಲ್ಲಿ ಆ ಹಳೇ ಚರ್ಚೆ ಮತ್ತೆ ಶುರುವಾಗಿದೆ. "ಫೇಸ್‌ಬುಕ್ಕಿನವರು ನಮ್ಮ ಪೋಸ್ಟ್ ಯಾರಿಗೂ ತೋರಿಸೂದಿಲ್ಲ, ಎಕ್ಸ್‌ನಲ್ಲಿ ಬೈಗುಳ ಬಿಟ್ಟರೆ ಏನೂ ಉಳಿದಿಲ್ಲ, ನಾವೆಲ್ಲ ಬೇರೆ ಜಾಲಕ್ಕೆ ಹೋಗೋಣ, ಇಲ್ಲಾ ನಮ್ಮದೇ ಒಂದು ಕಟ್ಟೋಣ." ಈ ಮಾತಿಗೆ ನನ್ನ ವಿರೋಧ ಇಲ್ಲ. ಆದರೆ ಕಟ್ಟೋ ಮುಂಚೆ ಒಂದು ಲೆಕ್ಕ ಹಾಕಬೇಕು ಅಂತ ಇದನ್ನ ಬರೀತಿದ್ದೇನೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂ ಕಡೆಯ ಗೆಳೆಯರು ಸೇರಿ ನಡೆಸೋ ಗುಂಪಿನಲ್ಲಿ ಮುನ್ನೂರರಷ್ಟು ಮಂದಿ ಇದ್ದೇವೆ. ಎರಡು ವರ್ಷದಿಂದ ಹೆಚ್ಚುಕಡಿಮೆ ಅದೇ ಮುನ್ನೂರು. ಯಾರು ಈ ಮುನ್ನೂರು ಮಂದಿ? ಮಾಸ್ತರರು, ವಕೀಲರು, ಹಾಸ್ಟೆಲಿನಲ್ಲಿ ಓದಿ ಮುಂದೆ ಬಂದ ಹುಡುಗರು, ಸಾರಿಗೆ ಸಂಸ್ಥೆಯ ಕಂಡಕ್ಟರ್‌ಗಳು, ಒಂದಿಬ್ಬರು ಪತ್ರಕರ್ತರು, ಊರೂರು ತಿರುಗೋ ನನ್ನಂಥ ಕಾರ್ಯಕರ್ತರು. ಯಾರಿಲ್ಲ ಅಂತ ನೋಡ್ರಿ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯೋರಿಲ್ಲ. ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದೋರಿಲ್ಲ. ಕಬ್ಬು ಕಡಿಯೋ ಗ್ಯಾಂಗಿನವರಿಲ್ಲ. ಹೆಣ್ಮಕ್ಕಳಂತೂ ಕೈಬೆರಳಲ್ಲಿ ಎಣಿಸೋವಷ್ಟು. ಅಂದ್ರೆ ಯಾರ ಹೆಸರಲ್ಲಿ ನಾವು ದಿನಾ ಬರೀತೀವೋ ಅವರೇ ಇಲ್ಲ.

ಒಂದು ಹಳ್ಳಿಯಲ್ಲಿ ಹೋಟೆಲಿನಾಗ ನಮ್ಮವರಿಗೆ ಬೇರೆ ಲೋಟ ಇಟ್ಟಾರ ಅನ್ನೋ ಸುದ್ದಿ ನಮ್ಮ ಗುಂಪಿಗೆ ಬಂದಾಗ ಮುನ್ನೂರು ಮಂದಿ ಸಿಟ್ಟಾಗ್ತೇವೆ, ಇಪ್ಪತ್ತು ಮಂದಿ ಪೋಸ್ಟ್ ಬರೀತೇವೆ, ಐದು ಮಂದಿ ತಹಶೀಲ್ದಾರ್ ಕಚೇರಿಗೆ ಹೋಗ್ತೇವೆ. ಆ ಹಳ್ಳಿಯ ಕೇರಿಗೆ ಮಾತ್ರ ನಾವು ಏನು ಬರೆದ್ವಿ ಅನ್ನೋದು ಗೊತ್ತೇ ಆಗೂದಿಲ್ಲ. ಅವರ ಪರವಾಗಿ ಮಾತಾಡೋ ಜಾಲ ಅವರನ್ನೇ ಬಿಟ್ಟು ನಡೀತೈತಿ. ಇದು ತಾಂತ್ರಿಕ ಸಮಸ್ಯೆ ಅಲ್ಲ, ನಮ್ಮ ಚಳವಳಿಯ ಸಮಸ್ಯೆ.

ಬೇರೆ ಜಾಲಕ್ಕೆ ಹೋಗೋ ಪ್ರಯೋಗ ಹೊಸದೇನಲ್ಲ. 2018ರ ನವೆಂಬರಿನಲ್ಲಿ ಟ್ವಿಟರಿನ ಮುಖ್ಯಸ್ಥ ಜಾಕ್ ಡಾರ್ಸಿ ಇಂಡಿಯಾಕ್ಕೆ ಬಂದಿದ್ದಾಗ ದಲಿತ ಕಾರ್ಯಕರ್ತೆಯೊಬ್ಬರು ಕೊಟ್ಟ, ಬ್ರಾಹ್ಮಣಶಾಹಿ ಪಿತೃಪ್ರಭುತ್ವದ ವಿರುದ್ಧದ ಪೋಸ್ಟರ್ ಹಿಡಿದು ಫೋಟೋ ತೆಗೆಸಿಕೊಂಡರು. ಅದಕ್ಕೆ ಎದ್ದ ಗದ್ದಲಕ್ಕೆ ಕಂಪನಿಯ ಹಿರಿಯ ಅಧಿಕಾರಿಯೇ ಕ್ಷಮೆ ಕೇಳಬೇಕಾಯಿತು. ಆ ಪೋಸ್ಟರ್ ಕೊಟ್ಟೋರಿಗೆ ಬಂದ ಬೈಗುಳಕ್ಕೆ ಯಾರು ಕ್ಷಮೆ ಕೇಳಿದರು? ಮರುವರ್ಷ, 2019ರ ಅಕ್ಟೋಬರ್-ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆ ಬಂದ್ ಆಯಿತು, ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೂ ಕಡಿವಾಣ ಬಿತ್ತು. ನೀಲಿ ಟಿಕ್ ಯಾವ ಜಾತಿಯವರಿಗೆ ಸಿಗ್ತದ ಅಂತ ದಲಿತ ಬಹುಜನ ಹುಡುಗರು ದೇಶದ ತುಂಬ ಕೇಳಿದರು. ಆಗ ಸಾವಿರಾರು ಮಂದಿ ಒಮ್ಮೆಗೇ ಮ್ಯಾಸ್ಟೊಡಾನ್ ಅನ್ನೋ ಜಾಲಕ್ಕೆ ಹೋದರು.

ಮ್ಯಾಸ್ಟೊಡಾನ್ ಒಳ್ಳೇದೇ ಇತ್ತು, ಈಗಲೂ ಐತಿ. ಜರ್ಮನಿಯ ಯೂಜೆನ್ ರೋಚ್ಕೊ ಅನ್ನೋ ಹುಡುಗ 2016ರಲ್ಲಿ ಶುರು ಮಾಡಿದ್ದು. ಒಬ್ಬ ಮಾಲೀಕ ಇಲ್ಲ, ಜಾಹೀರಾತಿಲ್ಲ, ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ತಮ್ಮದೇ ನಿಯಮ ಮಾಡಿಕೊಳ್ಳಬಹುದು. ಟ್ವಿಟರಿನಲ್ಲಿ 280 ಅಕ್ಷರ, ಅಲ್ಲಿ 500. ತತ್ವದಲ್ಲಿ ನೋಡಿದರೆ ನಮಗೆ ಹೇಳಿ ಮಾಡಿಸಿದ ಜಾಗ. ನಮ್ಮ ಜಿಲ್ಲೆಯಿಂದ ನನಗೆ ಗೊತ್ತಿದ್ದಂತೆ ಏಳೆಂಟು ಮಂದಿ ಹೋದ್ವಿ. ಮೊದಲ ದಿನವೇ ಕೇಳಿದ ಪ್ರಶ್ನೆ: ನೀವು ಯಾವ ಸರ್ವರಿಗೆ ಸೇರ್ತೀರಿ? ಇಂಗ್ಲಿಷ್ ಓದಿ ನುಂಗಿದ ಗೆಳೆಯರು ಅದನ್ನು ದಾಟಿದರು. ಬಾದಾಮಿಯ ನನ್ನ ಗೆಳೆಯನೊಬ್ಬ ಫೋನ್ ಮಾಡಿ "ಅಣ್ಣಾ, ಇದು ರೇಷನ್ ಅಂಗಡಿ ಆರಿಸಿಕೊಂಡಂಗ ಐತಿ, ಯಾವ ಅಂಗಡಿಯಾಗ ಅಕ್ಕಿ ಅದಾವ ಅಂತ ಹೆಂಗ ಗೊತ್ತಾಗಬೇಕು?" ಅಂದ. ಅವನ ಪ್ರಶ್ನೆ ಸರಿಯಾಗೇ ಇತ್ತು.

ಎರಡು ತಿಂಗಳಲ್ಲಿ ಬಹಳಷ್ಟು ಮಂದಿ ವಾಪಸ್ ಬಂದರು. ವಾಪಸ್ ಬಂದೋರನ್ನ ಕೆಲವರು "ಬದ್ಧತೆ ಇಲ್ಲದವರು" ಅಂದರು. ನಾನು ಒಪ್ಪೂದಿಲ್ಲ. ಹೋದಲ್ಲಿ ಯಾರಿದ್ದರು? ನಾವೇ ಇದ್ವಿ. ನಮ್ಮ ಮಾತಿಗೆ ನಾವೇ ತಲೆದೂಗ್ತಿದ್ವಿ. ಪೊಲೀಸ್ ಅಧಿಕಾರಿ, ಮಂತ್ರಿ, ಪತ್ರಿಕೆಯ ಸಂಪಾದಕ ಟ್ವಿಟರಿನಲ್ಲೇ ಉಳಿದಿದ್ದರು. ದೂರು ಕೊಡೋರು ಒಂದು ಊರಿಗೆ, ದೂರು ಕೇಳೋರು ಇನ್ನೊಂದು ಊರಿಗೆ ಹೋದಂಗ ಆಯಿತು. ಇತ್ತ ಕೇರಿಯ ಮಂದಿ ಎರಡೂ ಕಡೆ ಇರಲಿಲ್ಲ, ಅವರು ವಾಟ್ಸಾಪಿನಲ್ಲಿದ್ದರು.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಕೂ. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕಾ 2020ರಲ್ಲಿ ಶುರು ಮಾಡಿದರು. ಮೊದಲು ಬಂದದ್ದೇ ಕನ್ನಡದಲ್ಲಿ. ಇಂಗ್ಲಿಷ್ ಬಾರದವರಿಗೂ ಒಂದು ಟ್ವಿಟರ್ ಬೇಕು ಅನ್ನೋದು ಒಳ್ಳೇ ವಿಚಾರ. 2021ರ ಫೆಬ್ರವರಿಯಲ್ಲಿ, ರೈತ ಹೋರಾಟದ ಖಾತೆಗಳನ್ನು ಮುಚ್ಚೋ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿ ಆದಾಗ ಮಂತ್ರಿಗಳು, ಇಲಾಖೆಗಳು ಕೂಗೆ ಬಂದವು. ಅದೇ ವರ್ಷ ಜೂನಿನಲ್ಲಿ ನೈಜೀರಿಯಾದಲ್ಲಿ ಟ್ವಿಟರ್ ನಿಷೇಧ ಆದಾಗ ಅಲ್ಲಿನ ಸರ್ಕಾರವೂ ಬಂತು. 2022ರ ಕೊನೆಗೆ ಬ್ರೆಜಿಲಿನ ಮಂದಿ ತಂಡೋಪತಂಡವಾಗಿ ಬಂದರು. ಕಂಪನಿಯವರೇ ಹೇಳಿದಂತೆ ಉಚ್ಛ್ರಾಯದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಮಂದಿ ಬಳಸ್ತಿದ್ದರು. ಆದರೂ 2024ರ ಜುಲೈನಲ್ಲಿ ಬಾಗಿಲು ಹಾಕಿತು. ದೊಡ್ಡ ಕಂಪನಿಗಳ ಜೊತೆ ಮಾತುಕತೆ ಕೂಡಲಿಲ್ಲ, ತಂತ್ರಜ್ಞಾನದ ಖರ್ಚು ತಡೆಯಲಾಗಲಿಲ್ಲ ಅಂತ ಹೇಳಿದರು.

ರೊಕ್ಕ ಇತ್ತು, ಮಂತ್ರಿಗಳಿದ್ದರು, ಕನ್ನಡ ಇತ್ತು. ಏನಿರಲಿಲ್ಲ? ನಾನು ನೋಡಿದ್ದು ಇಷ್ಟು: ಮಂದಿ ಯಾವುದೋ ಜಗಳದ ಕಾಲಕ್ಕೆ ಬಂದರು, ಜಗಳ ತಣ್ಣಗಾದ ಮೇಲೆ ಅಲ್ಲಿ ಮಾಡೋ ಕೆಲಸ ಇರಲಿಲ್ಲ. ಮೊದಲು ಬಂದೋರದ್ದು ಒಂದು ರಾಜಕೀಯದ ಬಣ್ಣ ಇತ್ತು. ಆ ಬಣ್ಣ ಬಾಗಿಲಲ್ಲೇ ಕಾಣ್ತಿತ್ತು. ನಮ್ಮಂಥೋರು ಇಣುಕಿ ನೋಡಿ ಹೊರಗೇ ಉಳಿದ್ವಿ. ಮೊದಲು ಬಂದೋರು ಮನೆ ತುಂಬ ಕೂತರೆ ಆಮೇಲೆ ಬರೋರಿಗೆ ಅದು "ಅವರ ಮನೆ" ಆಗ್ತದೆ. ಈ ಮಾತು ನಮಗೂ ಅನ್ವಯಿಸ್ತದೆ, ಮರೀಬ್ಯಾಡ್ರಿ.

ಹಂಗಾದ್ರ ಕೇರಿಗೆ ನಿಜವಾಗಿ ಬಂದ ಜಾಲ ಯಾವುದು? ಎರಡು. ಒಂದು ವಾಟ್ಸಾಪ್. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದಮೇಲೆ ಗುಳೆ ಹೋದ ಮಗ, ಮನೆಯಲ್ಲಿರೋ ತಾಯಿ ಮುಖ ನೋಡಿ ಮಾತಾಡೋಕೆ ಅದು ಬೇಕಾಯಿತು. ಇನ್ನೊಂದು ಟಿಕ್‌ಟಾಕ್. ಓದು ಬರಹ ಬೇಡ, ಪದವಿ ಬೇಡ, ಚೊಲೋ ಕ್ಯಾಮೆರಾ ಬೇಡ. ಹೊಲದಾಗ ನಿಂತು ಹುಡುಗಿ ಕುಣಿದರೂ ಸಾವಿರಾರು ಮಂದಿ ನೋಡ್ತಿದ್ದರು. 2020ರ ಜೂನ್ 29ಕ್ಕೆ ನಿಷೇಧ ಆಗೋತನಕ ನಮ್ಮ ಕೇರಿಯ ಹುಡುಗರು ಎಷ್ಟು ಧೈರ್ಯವಾಗಿ ಕ್ಯಾಮೆರಾ ಮುಂದೆ ನಿಂತಿದ್ದರು! ನೀಲಿ ಶಾಲು ಹೊದ್ದು, ಬಾಬಾಸಾಹೇಬರ ಹಾಡಿಗೆ ತುಟಿ ಆಡಿಸಿದ ಹುಡುಗರು ಯಾವ ಚಿಂತನಾ ಶಿಬಿರಕ್ಕೂ ಬಂದೋರಲ್ಲ. ನಾವು ಐವತ್ತು ಲೇಖನ ಬರೆದು ಮಾಡಲಾಗದ್ದನ್ನ ಅವರು ಹದಿನೈದು ಸೆಕೆಂಡಿನಲ್ಲಿ ಮಾಡಿದರು. ನಮ್ಮ ಚಿಂತಕರು ಆವಾಗ ಅದನ್ನ "ಟೈಂಪಾಸ್" ಅಂತಿದ್ದರು.

ಅಮೆರಿಕದ ಎವರೆಟ್ ರೋಜರ್ಸ್ ಅನ್ನೋ ಸಮಾಜಶಾಸ್ತ್ರಜ್ಞ 1962ರಲ್ಲಿ ಬರೆದ ಒಂದು ಪುಸ್ತಕ ಈ ವಿಷಯಕ್ಕೆ ಮೂಲ. ಯಾವುದೇ ಹೊಸದು ಬಂದಾಗ ಮೊದಲು ಕೈ ಹಾಕೋರು ನೂರಕ್ಕೆ ಎರಡೂವರೆ ಮಂದಿ, ಅವರ ಹಿಂದೆ ಹೋಗೋರು ಹದಿಮೂರೂವರೆ, ಉಳಿದೋರು ನಿಧಾನಕ್ಕೆ ಅಂತ ಅವರ ವಿಂಗಡಣೆ. ರೋಜರ್ಸ್ ರೈತನ ಮಗ. ಅವರಪ್ಪ ಹೈಬ್ರಿಡ್ ಗೋವಿನಜೋಳ ಹಾಕೋಕೆ ಒಪ್ಪಿರಲಿಲ್ಲ, 1936ರ ಬರದಲ್ಲಿ ಪಕ್ಕದ ಹೊಲದ ಹೈಬ್ರಿಡ್ ನಿಂತಿತ್ತು, ಇವರದು ಒಣಗಿತ್ತು. ಅದೇ ಅಯೋವಾ ಸೀಮೆಯಲ್ಲಿ 1943ರ ಒಂದು ಅಧ್ಯಯನ ಕಂಡುಕೊಂಡದ್ದು ನನಗೆ ಬಹಳ ಮುಖ್ಯ ಅನ್ನಿಸ್ತದೆ: ಹೊಸ ಬೀಜದ ಸುದ್ದಿ ರೈತರಿಗೆ ಬಂದದ್ದು ಬೀಜ ಮಾರೋರಿಂದ, ಆದರೆ ಬಿತ್ತೋ ಧೈರ್ಯ ಬಂದದ್ದು ನೆರೆಹೊಲದವನಿಂದ. ನಮ್ಮ ಸೀಮೆಗೆ ಹೈಬ್ರಿಡ್ ಜೋಳ ಬಂದಾಗಿನ ಕಥೆ ನಿಮ್ಮ ಮನೆಯ ಹಿರಿಯರನ್ನ ಕೇಳ್ರಿ, ಅದೂ ಇದೇ ಕಥೆ.

ಆದರೆ ರೋಜರ್ಸ್ ಲೆಕ್ಕದಲ್ಲಿ ಜಾತಿ ಇಲ್ಲ. ಅವರ ವಿಂಗಡಣೆಯಲ್ಲಿ ಕೊನೆಗೆ ಬರೋರಿಗೆ "ಹಿಂದುಳಿದೋರು" ಅನ್ನೋ ಅರ್ಥದ ಹೆಸರು. ನಮ್ಮ ಗೆಳೆಯರೂ ಹಂಗೇ ಮಾತಾಡ್ತಾರ: "ನಮ್ಮ ಮಂದಿಗೆ ಇನ್ನೂ ಜಾಗೃತಿ ಇಲ್ಲರೀ." ಇದು ಸುಳ್ಳು. ಅವರು ಹಿಂದೆ ಉಳಿದಿರೋದು ತಿಳಿವಳಿಕೆ ಇಲ್ಲದ್ದಕ್ಕಲ್ಲ. ಲೆಕ್ಕ ಸರಿಯಾಗಿ ಗೊತ್ತಿರೋದಕ್ಕೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ. ನಾನು ಇಲ್ಲಿ ಏನು ಬರೆದರೂ ನಾಳೆ ನನ್ನ ಮನೆಯ ಒಲೆ ಉರೀತದೆ. ಪಗಾರದ ಗೆಳೆಯನದೂ ಉರೀತದೆ. ಆದರೆ ಊರಗೌಡರ ಹೊಲದಲ್ಲಿ ದುಡಿಯೋ ಹೆಣ್ಮಗಳು ನಮ್ಮ ಗುಂಪಿನಲ್ಲಿ ಒಂದು ಹೆಬ್ಬೆಟ್ಟು ಒತ್ತಿದರೆ ಅದರ ಸ್ಕ್ರೀನ್‌ಶಾಟ್ ಸಂಜೆಯೊಳಗ ಗೌಡರ ಮಗನ ಮೊಬೈಲಿನಲ್ಲಿ ಇರ್ತದೆ. ಮರುದಿನ ಕೂಲಿಗೆ ಕರೆಯೂದಿಲ್ಲ. ಕಿರಾಣಿ ಅಂಗಡಿಯವ ಉದ್ರಿ ಕೊಡೂದಿಲ್ಲ. 2015ರ ಮೇ ತಿಂಗಳಲ್ಲಿ ಶಿರಡಿಯಲ್ಲಿ, ಮೊಬೈಲಿಗೆ ಅಂಬೇಡ್ಕರ್ ಹಾಡಿನ ರಿಂಗ್‌ಟೋನ್ ಇಟ್ಟುಕೊಂಡಿದ್ದಕ್ಕೆ ಜಗಳ ತೆಗೆದು ಒಬ್ಬ ದಲಿತ ಯುವಕನನ್ನ ಕೊಂದರು. ರಿಂಗ್‌ಟೋನಿಗೆ ಜೀವ ಹೋಗೋ ದೇಶದಲ್ಲಿ ಒಂದು ಲೈಕಿಗೆ ಎಷ್ಟು ಬೆಲೆ ಅಂತ ಕೇರಿಯ ಮಂದಿ ನಮಗಿಂತ ಚೆನ್ನಾಗಿ ಬಲ್ಲರು. ನಮ್ಮ ಊರ ಕಡೆಯ ಒಂದು ಗುಂಪಿನಲ್ಲಿ ಏಪ್ರಿಲ್ 14ಕ್ಕೆ ಶುಭಾಶಯ ಹಾಕಿದ್ದಕ್ಕೆ ಅಡ್ಮಿನ್ ನನ್ನನ್ನ ಹೊರಗೆ ಹಾಕಿದ. ನನಗೆ ಏನೂ ಆಗಲಿಲ್ಲ. ಅದೇ ಶುಭಾಶಯಕ್ಕೆ ಕೈಮುಗಿದ ಇಬ್ಬರು ಹುಡುಗರು ವಾರಗಟ್ಟಲೆ ಕಟ್ಟೆ ಮೇಲೆ ಕೊಂಕು ಮಾತು ಕೇಳಬೇಕಾಯಿತು.

ಅಂದ್ರೆ ಮೊದಲು ಬಂದೋರು ಧೈರ್ಯಶಾಲಿಗಳು, ಉಳಿದೋರು ಅಂಜುಬುರುಕರು ಅಂತಲ್ಲ. ಕಳಕೊಳ್ಳೋದು ಕಡಿಮೆ ಇದ್ದೋರು ಮೊದಲು ಬಂದ್ವಿ, ಅಷ್ಟೇ. ಜಾಲ ಬೆಳೀಬೇಕು ಅಂದ್ರ ಬರೋರ ಅಪಾಯ ಕಡಿಮೆ ಮಾಡಬೇಕು. ಹೆಸರು, ನಂಬರ್ ಎಲ್ಲರಿಗೂ ಕಾಣೋ ಗುಂಪಿಗೆ "ಬರ್ರಿ ಬರ್ರಿ" ಅಂತ ಕರೆಯೋದು ಜವಾಬ್ದಾರಿ ಅಲ್ಲ.

ಇನ್ನು ಮೊಬೈಲಿನದೇ ವಿಷಯ. "ಎಲ್ಲರ ಕೈಯಾಗೂ ಮೊಬೈಲ್ ಐತಿ" ಅಂತೀವಿ. ಮನೆಗೆ ಒಂದು ಐತಿ, ಅದು ಮಗನ ಕಿಸೆಯಾಗ ಐತಿ. ಅವ್ವನಿಗೆ ಸಿಗೋದು ರಾತ್ರಿ ಊಟ ಆದಮೇಲೆ, ಮಗಳಿಗೆ ಸಿಗೋದು ಅಪ್ಪ ಎದುರು ಕೂತಿದ್ದಾಗ. ಹಾಸ್ಟೆಲಿನ ಹುಡುಗಿಗೆ ವಾರಕ್ಕೊಮ್ಮೆ. ನಾವು ಉದ್ದುದ್ದ ಬರಹ ಹಾಕಿ "ಓದಿ ಪ್ರತಿಕ್ರಿಯಿಸಿ" ಅಂದ್ರ ಯಾರು ಯಾವಾಗ ಓದಬೇಕು? (ಈ ಪೋಸ್ಟೂ ಉದ್ದ ಐತಿ ಅಂತ ನಗಬ್ಯಾಡ್ರಿ, ಇದು ನಿಮಗೇ ಬರೆದಿದ್ದು, ಮುನ್ನೂರು ಮಂದಿಗೆ.)

ಬಾಬಾಸಾಹೇಬರೂ ಇದೇ ಸಮಸ್ಯೆ ಎದುರಿಸಿದ್ದರು. 1920ರ ಜನವರಿ 31ಕ್ಕೆ ಅವರು 'ಮೂಕನಾಯಕ' ಶುರು ಮಾಡಿದಾಗ ಓದು ಬಲ್ಲ ಅಸ್ಪೃಶ್ಯರು ಎಷ್ಟು ಮಂದಿ ಇದ್ದರು? ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ದುಡ್ಡು ಕೊಡ್ತೇವೆ, ಜಾಹೀರಾತು ಹಾಕಿ ಅಂದರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಇವತ್ತು ನಮ್ಮ ಪೋಸ್ಟ್ ಯಾರಿಗೂ ಕಾಣದಂಗ ಮಾಡ್ತಾರ ಅಂತೀವಲ್ಲ, ಅದು ನೂರು ವರ್ಷದ ಹಿಂದೆಯೇ ಶುರುವಾಗಿತ್ತು. 'ಮೂಕನಾಯಕ' ಮೂರು ವರ್ಷದಲ್ಲಿ ನಿಂತಿತು. ಅವರು ನಿಲ್ಲಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ಪತ್ರಿಕೆಯ ಹೆಸರು ಬದಲಾಯಿತು, ಓದುಗರ ಬಳಗ ಬೆಳೀತಾ ಹೋಯಿತು. ಒಬ್ಬ ಓದೋನು, ಸುತ್ತ ಕೂತು ಕೇಳೋರು ಹತ್ತಾರು ಮಂದಿ. ಓದು ಬಾರದವರಿಗೆ ಜಲಸಾ ತಂಡಗಳು ಹಾಡು ಕಟ್ಟಿ ಊರೂರಿಗೆ ವಿಚಾರ ಮುಟ್ಟಿಸಿದವು.

ನಮ್ಮ ಕರ್ನಾಟಕದ ದಲಿತ ಸಂಘರ್ಷ ಸಮಿತಿಯೂ ಹಂಗೇ ಬೆಳೆದದ್ದು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ಎದ್ದ ಗಲಾಟೆಯಲ್ಲಿ ಹಾಸ್ಟೆಲಿನ ದಲಿತ ಹುಡುಗರು ಪೆಟ್ಟು ತಿಂದರು. ಆ ಸಿಟ್ಟಿನಿಂದ ಒಂದು ತಲೆಮಾರು ಎದ್ದಿತು. ಆದರೆ ಸಿಟ್ಟಿನಿಂದ ಎದ್ದೋರು ಓದಿದ ಹುಡುಗರು, ಲೇಖಕರು. ಭದ್ರಾವತಿಯಲ್ಲಿ ಪಾಠ ಹೇಳ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು, ದೇವನೂರ ಮಹಾದೇವ, ಸಿದ್ಧಲಿಂಗಯ್ಯ. 'ಪಂಚಮ' ಪತ್ರಿಕೆ ಓದೋರ ನಡುವೆ ಓಡಾಡ್ತಿತ್ತು. ಅದು ಹಾಸ್ಟೆಲಿನ ಗೋಡೆ ದಾಟಿ ಕೇರಿಗೆ ಬಂದದ್ದು ಹೆಂಗ? ಭೂಮಿಯ ಪ್ರಶ್ನೆ ಹಿಡಿದಾಗ, ಹೆಂಡದ ಪ್ರಶ್ನೆ ಹಿಡಿದಾಗ, ಹಾಡಿದಾಗ. 1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ಪುಸ್ತಕ ಕೊಂಡೋರಿಗಿಂತ ಅದರ ಹಾಡು ಬಾಯಿಪಾಠ ಇದ್ದೋರು ಎಷ್ಟೋ ಪಟ್ಟು ಹೆಚ್ಚು. ತಮಟೆ ಇದ್ದ ಕಡೆಗೆಲ್ಲ ಅದು ಹೋಯಿತು. ಯಾವ ಆ್ಯಪೂ ಇರಲಿಲ್ಲ.

ನಮ್ಮ ಸೀಮೆಯ ಅನುಭವ ಒಂದು ಹೇಳ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕಿನ ಹಳ್ಳಿಗಳು ಮುಳುಗಿದಾಗ, ಪಟ್ಟದಕಲ್ಲು, ಐಹೊಳೆಗೂ ನೀರು ನುಗ್ಗಿದಾಗ ನಾವು ಒಂದು ಗುಂಪು ಮಾಡಿದ್ವಿ. ಯಾವ ಊರಿಗೆ ಅಕ್ಕಿ ಬಂತು, ಯಾವ ಗಂಜಿ ಕೇಂದ್ರದಲ್ಲಿ ಜಾಗ ಐತಿ, ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟಾರ. ವಾರದೊಳಗ ಗುಂಪು ತುಂಬಿತು. ತುಂಬಿ ಇನ್ನೊಂದು ಮಾಡಬೇಕಾಯಿತು, ಯಾಕಂದ್ರ ಆಗ ವಾಟ್ಸಾಪಿನಲ್ಲಿ ಒಂದು ಗುಂಪಿಗೆ 256 ಮಂದಿಯ ಮಿತಿ. ಹೆಣ್ಮಕ್ಕಳು ಬಂದರು, ಓದು ಬಾರದವರು ಧ್ವನಿ ಸಂದೇಶ ಕಳಿಸಿದರು: "ನಮ್ಮ ಮನಿ ಗ್ವಾಡಿ ಬಿದ್ದೈತ್ರಿ, ಬರಕೊಂಡಿಲ್ರಿ." ಯಾವ ಪ್ರಚಾರವೂ ಇಲ್ಲದೆ ಬಂದರು, ಕೆಲಸ ಇತ್ತು ಅಂತ ಬಂದರು. ನೀರು ಇಳಿದು, ಪರಿಹಾರದ ಓಡಾಟ ಮುಗಿದ ಮೇಲೆ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಉಳಿದವು. ಒಬ್ಬೊಬ್ಬರೇ ಹೊರಗೆ ಹೋದರು. ಆಪತ್ತು ಮಂದಿಯನ್ನ ಕರಕೊಂಡು ಬರ್ತದೆ, ಹಿಡಿದಿಡೋದು ದಿನದ ಕೆಲಸ.

ದಿನದ ಕೆಲಸ ಅಂದ್ರ ಏನು? ವಿದ್ಯಾರ್ಥಿವೇತನದ ಅರ್ಜಿಗೆ ಕೊನೇ ದಿನ ಯಾವುದು. ಹಾಸ್ಟೆಲ್ ಸೀಟಿನ ಪಟ್ಟಿ ಬಂತೋ ಇಲ್ಲೋ. ಉದ್ಯೋಗ ಖಾತ್ರಿಯ ಕೂಲಿ ಯಾಕೆ ಜಮಾ ಆಗಿಲ್ಲ. ಗೋವಾದಲ್ಲಿ ಮೇಸ್ತ್ರಿ ಪಗಾರ ಹಿಡಿದಿಟ್ಟರೆ ಯಾರಿಗೆ ಫೋನ್ ಮಾಡಬೇಕು. ದೌರ್ಜನ್ಯ ತಡೆ ಕಾಯ್ದೆಯ ಕೇಸಿನಲ್ಲಿ ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕೋಕೆ 60 ದಿನ ಅಂತ ನಿಯಮ ಐತಿ. ಎಷ್ಟನೇ ದಿನ ಇವತ್ತು ಅಂತ ಎಣಿಸೋರು ಯಾರು? ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಬೇಕು. ಕೂಡಿತೋ ಇಲ್ಲೋ ಅಂತ ಕೇರಿಗೆ ಹೇಳೋರು ಯಾರು? ಇವು ಯಾವುವೂ ವೈರಲ್ ಆಗೋ ವಿಷಯ ಅಲ್ಲ. ಆದರೆ ಇವುಗಳಿಗಾಗಿ ಒಬ್ಬ ತಾಯಿ ಮಗನ ಕೈಯಿಂದ ಮೊಬೈಲ್ ಕೇಳಿ ಇಸಕೊಳ್ತಾಳೆ.

ನನ್ನ ಪ್ರಸ್ತಾಪ ಇವು. ಚರ್ಚೆ ಮಾಡ್ರಿ, ತಿದ್ರಿ.

1. ಯಾರಿಗೂ "ಆ ಜಾಲ ಬಿಟ್ಟು ಈ ಜಾಲಕ್ಕೆ ಬರ್ರಿ" ಅನ್ನೋದು ಬೇಡ. ಮಂದಿ ವಾಟ್ಸಾಪಿನಲ್ಲಿ ಅದಾರ, ಅಲ್ಲೇ ಇರಲಿ. ಅವರಿದ್ದಲ್ಲಿಗೆ ನಾವು ಹೋಗೋದು.

2. ಇಡೀ ಜಿಲ್ಲೆ, ಇಡೀ ರಾಜ್ಯ ಅಂತ ಹರಡೋದು ಬೇಡ. ಫೇಸ್‌ಬುಕ್ಕೇ ನೋಡ್ರಿ, 2004ರಲ್ಲಿ ಹಾರ್ವರ್ಡ್ ಅನ್ನೋ ಒಂದೇ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅಲ್ಲಿ ತುಂಬಿದ ಮೇಲೆ ಇನ್ನೊಂದಕ್ಕೆ, ಮತ್ತೊಂದಕ್ಕೆ. ಎಲ್ಲರಿಗೂ ಬಾಗಿಲು ತೆರೆದದ್ದು 2006ರ ಸೆಪ್ಟೆಂಬರಿನಲ್ಲಿ. ಬನಶಂಕರಿ ಜಾತ್ರೆಯ ನಾಟಕದ ಟೆಂಟಿನಲ್ಲಿ ಖಾಲಿ ಕುರ್ಚಿ ಕಂಡರೆ ಯಾರೂ ಒಳಗೆ ಹೋಗೂದಿಲ್ಲ. ಸಾವಿರ ಕುರ್ಚಿಯ ಟೆಂಟಿನಾಗ ನೂರು ಮಂದಿ ಕೂತರೆ ಖಾಲಿ, ನೂರು ಕುರ್ಚಿಯ ಟೆಂಟಿನಾಗ ಅದೇ ನೂರು ಮಂದಿ ಹೌಸ್‌ಫುಲ್. ಇಳಕಲ್ ತಾಲೂಕಿನ ಹತ್ತು ಕೇರಿ ಹಿಡಿಯೋಣ. ಆ ಹತ್ತರಲ್ಲಿ ಮನೆಗೊಬ್ಬರು ಬರಲಿ. ಆಮೇಲೆ ಹುನಗುಂದ.

3. ಒಂದು ಕೇರಿಗೆ ಒಬ್ಬರಲ್ಲ, ಇಬ್ಬರು. ಅದರಲ್ಲಿ ಒಬ್ಬರು ಕಡ್ಡಾಯ ಹೆಣ್ಮಗಳು. ಆಶಾ ಕಾರ್ಯಕರ್ತೆ, ಅಂಗನವಾಡಿ ಸಹಾಯಕಿ, ಸ್ವಸಹಾಯ ಸಂಘದ ಅಕ್ಕ, ಯಾರಾದರೂ. ಅವರು ನಮ್ಮ ಸಂದೇಶ ಹಂಚೋರಲ್ಲ. ಕೇರಿಯ ಮಾತು ನಮಗೆ ತರೋರು.

4. ಬರಹ ಕಡಿಮೆ, ಧ್ವನಿ ಹೆಚ್ಚು. ಎರಡು ನಿಮಿಷದ ಧ್ವನಿ ಸಂದೇಶ, ನಮ್ಮ ಭಾಷೆಯಲ್ಲಿ. "ಸಾಂಸ್ಕೃತಿಕ ಯಜಮಾನಿಕೆ" ಅಂತ ಶುರು ಮಾಡಿದರೆ ಮುಗೀತು. ಯಜಮಾನಿಕೆ ಏನು ಅಂತ ಕೇರಿಗೆ ನಾವು ಹೇಳಿಕೊಡಬೇಕಿಲ್ಲ.

5. ಹೆಸರು, ನಂಬರ್ ಹೊರಗೆ ಕಾಣದ ವ್ಯವಸ್ಥೆ. ಸುದ್ದಿ ಕೊಟ್ಟೋರ ಗುರುತು ಆ ಇಬ್ಬರ ಹತ್ತಿರವೇ ಇರಬೇಕು. ಊರ ಹೆಸರು ಹಾಕಿ ಪೋಸ್ಟ್ ಮಾಡೋ ಮುಂಚೆ ಆ ಕೇರಿಯನ್ನ ಕೇಳಬೇಕು. ಕೇಳದೆ ಪೋಸ್ಟ್ ಮಾಡಿ ನಾವು ಲೈಕ್ ಎಣಿಸ್ತೇವೆ, ಅವರು ಬಹಿಷ್ಕಾರ ಎಣಿಸ್ತಾರ.

6. ಇದು ಎಲ್ಲಕ್ಕಿಂತ ಕಷ್ಟದ್ದು. ನಾವು ಮುನ್ನೂರು ಮಂದಿ ಸ್ವಲ್ಪ ಸುಮ್ಮನಿರೋದು ಕಲೀಬೇಕು. 2024ರ ಆಗಸ್ಟ್ 1ಕ್ಕೆ ಒಳಮೀಸಲಾತಿ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಮ್ಮ ಗುಂಪುಗಳಲ್ಲಿ ಎಡಗೈ, ಬಲಗೈ ಅಂತ ನಡೆದ ಮಾತು ನೆನಪು ಮಾಡಿಕೊಳ್ರಿ. ಹಕ್ಕಿನ ಚರ್ಚೆ ಆಗಲೇಬೇಕು, ಮಾದಿಗರ ನ್ಯಾಯದ ಪಾಲು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಒಬ್ಬರನ್ನೊಬ್ಬರು ಏಕವಚನದಲ್ಲಿ ಬೈದಾಡಿದ್ದನ್ನ ಬೆಳಿಗ್ಗೆ ಎದ್ದು ನೋಡಿದ ಹೊಸ ಹುಡುಗ ಏನು ತಿಳಕೊಂಡಾನು? ಆ ವಾರ ಗುಂಪು ಬಿಟ್ಟೋರಲ್ಲಿ ಬಹಳಷ್ಟು ಮಂದಿ ಹೊಸಬರು, ಹೆಣ್ಮಕ್ಕಳು. ಒಳಜಗಳಕ್ಕೆ ಬೇರೆ ಕೋಣೆ ಇರಲಿ, ಹೊಸಬರು ಬರೋ ಪಡಸಾಲೆಯಲ್ಲಿ ಬೇಡ.

ಇಳಕಲ್ಲಿನವರಿಗೆ ಒಂದು ಮಾತು ಹೇಳಿದರೆ ಬೇಗ ಅರ್ಥ ಆಗ್ತದೆ. ಇಳಕಲ್ ಸೀರೆಯ ಮೈ ಬೇರೆ ಹಾಸು, ಸೆರಗು ಬೇರೆ ಹಾಸು. ಮೈಯಿಂದು ಹತ್ತಿ ಇದ್ದರೂ ಸೆರಗಿಂದು ಕೆಂಪು ರೇಷ್ಮೆ. ಎರಡನ್ನೂ ಕೂಡಿಸೋದಕ್ಕೆ ಕೊಂಡಿ ಅಂತಾರೆ. ಮೈಯಿನ ಒಂದು ಎಳೆಗೆ ಸೆರಗಿನ ಒಂದು ಎಳೆ, ಕೈಯಿಂದಲೇ ಸಿಕ್ಕಿಸಬೇಕು. ಅಷ್ಟೂ ಎಳೆಗೂ ಹಂಗೇ. ಗಂಟು ಹಾಕಿ ಒಮ್ಮೆಗೇ ಜೋಡಿಸಿಬಿಡ್ತೇನಿ ಅಂದ್ರ ಅದು ಇಳಕಲ್ ಸೀರೆ ಆಗೂದಿಲ್ಲ. ಜಾಲ ಬೆಳೆಸೋದೂ ಇಷ್ಟೇ ನಿಧಾನದ ಕೆಲಸ. ಸೆರಗು ಎಷ್ಟೇ ಝಗಮಗ ಅಂದರೂ ಮೈಯಿಲ್ಲದೆ ಉಡಾಕ ಬರೂದಿಲ್ಲ. ಈಗ ನಾವು ಬರೇ ಸೆರಗು.

ಕೆಲವರು ಕೇಳಬಹುದು: "ಇಷ್ಟೆಲ್ಲ ಮಾಡಿದರೂ ಅದು ವಾಟ್ಸಾಪೇ ಅಲ್ಲವೇ, ಮಾಲೀಕ ಅಮೆರಿಕದಲ್ಲೇ ಇದ್ದಾನಲ್ಲ, ನಮ್ಮದು ಅನ್ನೋದು ಏನು ಬಂತು?" ನ್ಯಾಯವಾದ ಪ್ರಶ್ನೆ. ನಾಳೆ ಆ ಕಂಪನಿ ನಿಯಮ ಬದಲಿಸಿದರೆ, ಸರ್ಕಾರ ಇಂಟರ್ನೆಟ್ ಬಂದ್ ಮಾಡಿದರೆ ಏನು ಗತಿ? ಅದಕ್ಕೇ ಹೇಳ್ತೇನೆ, ಆ ಹತ್ತು ಕೇರಿಯ ಇಪ್ಪತ್ತು ಮಂದಿ ತಿಂಗಳಿಗೊಮ್ಮೆ ಎದುರಾಬದುರಾ ಕೂಡಬೇಕು. ಅವರ ನಂಬರು, ಊರು, ಮನೆ ಒಬ್ಬರಿಗೊಬ್ಬರಿಗೆ ಗೊತ್ತಿರಬೇಕು. ಆರ್ಕುಟ್ 2014ರಲ್ಲಿ ಹೋಯಿತು, ಟಿಕ್‌ಟಾಕ್ 2020ರಲ್ಲಿ, ಕೂ 2024ರಲ್ಲಿ. ಇವತ್ತಿರೋದೂ ಒಂದು ದಿನ ಹೋಗ್ತದೆ. ಆಗ ಕೈಯಲ್ಲಿ ಉಳಿಯೋದು ಒಬ್ಬರನ್ನೊಬ್ಬರು ಬಲ್ಲ ಮಂದಿ. ಅವರು ಗಟ್ಟಿ ಇದ್ದರೆ ಮ್ಯಾಸ್ಟೊಡಾನಿಗೂ ಹೋಗಬಹುದು, ನಮ್ಮದೇ ಒಂದು ಕಟ್ಟಲೂಬಹುದು. ಅವರಿಲ್ಲದೆ ಕಟ್ಟಿದರೆ ಮತ್ತೆ ನಾವೇ ಮುನ್ನೂರು ಮಂದಿ ಹೊಸ ಮನೆಯಲ್ಲಿ ಹಳೇ ಜಗಳ ಆಡ್ತೇವೆ.

ಆ್ಯಪ್ ಮಾಡೋಕೆ ಬರೋ ಗೆಳೆಯರು ಬೇಸರ ಮಾಡಿಕೊಳ್ಳಬ್ಯಾಡ್ರಿ. ನಿಮ್ಮ ಕೆಲಸ ಬೇಕೇ ಬೇಕು. ಆದರೆ ಮೊದಲು ಒಂದು ದಿನ ನನ್ನ ಜೊತೆ ಬರ್ರಿ. ಕ್ವಾರಿ ಕೆಲಸ ಬಿಡೋ ಹೊತ್ತಿಗೆ ಹೋಗಿ ಕೂಡೋಣ. ಅವರ ಕೈಯಲ್ಲಿ ಯಾವ ಮೊಬೈಲ್ ಐತಿ, ಅದರಲ್ಲಿ ಜಾಗ ಎಷ್ಟು ಉಳಿದೈತಿ, ಡೇಟಾ ಯಾವಾಗ ಹಾಕಿಸ್ತಾರ, ಕಲ್ಲಿನ ಧೂಳು ಹತ್ತಿದ ಬೆರಳಿಗೆ ಆ ಪರದೆ ಸ್ಪಂದಿಸ್ತದೋ ಇಲ್ಲೋ ನೋಡೋಣ. ಅದನ್ನ ನೋಡಿ ಬಂದ ಮೇಲೆ ಕೂತು ನಕ್ಷೆ ಹಾಕ್ರಿ.

ಇಳಕಲ್, ಹುನಗುಂದ ಕಡೆಯ ಗೆಳೆಯರಲ್ಲಿ ಯಾರು ತಮ್ಮ ಕೇರಿಯ ಹೊಣೆ ಹೊರ್ತೀರಿ ಅಂತ ಇನ್‌ಬಾಕ್ಸಿಗೆ ಬರೀರಿ. ಕಮೆಂಟಿನಲ್ಲಿ ಊರ ಹೆಸರು ಹಾಕಬ್ಯಾಡ್ರಿ, ಯಾಕೆ ಅಂತ ಮೇಲೆ ಹೇಳೀನಿ. ಬಾದಾಮಿಯವರು, ಬಾಗಲಕೋಟೆಯವರು ನಿಮ್ಮ ಸರದಿ ಬರೋತನಕ ಒಂದು ಕೆಲಸ ಮಾಡ್ರಿ: ನಿಮ್ಮ ಮನೆಯಲ್ಲಿರೋ ಅವ್ವ, ಅಕ್ಕ, ತಂಗಿಗೆ ಮೊಬೈಲ್ ದಿನಕ್ಕೆ ಎಷ್ಟು ಹೊತ್ತು ಸಿಗ್ತದೆ ಅಂತ ಒಂದು ವಾರ ಲೆಕ್ಕ ಇಡ್ರಿ. ಆ ಲೆಕ್ಕ ತಗೊಂಡು ಮುಂದಿನ ಸಭೆಗೆ ಬರ್ರಿ.

ಜೈಭೀಮ್.